ಹಾಡಿನಲ್ಲಿ ಜುಸಿಲೆನಿಯ ಜಾಗ

ಜುಸಿಲೆನಿಯ ಕೈ ನೋಡಿದವರು ಅವಳ ಕಸುಬು ಯಾವುದೆಂದು ಕೇಳಬೇಕಾಗಿಲ್ಲ. ಅಂಗೈ, ಉಗುರಿನ ಸಂದು, ಮೊಣಕೈವರೆಗೂ ನೇರಳೆ ಬಣ್ಣ. ಹದಿನಾಲ್ಕನೆಯ ವಯಸ್ಸಿನಿಂದ ಅಸಾಯಿ ಎಂಬ ತಾಳೆಜಾತಿಯ ಮರದ ಸಣ್ಣ ಹಣ್ಣನ್ನು ಅರೆದು ಮಾರುತ್ತಿದ್ದಾಳೆ, ಈಗ ನಲವತ್ತೇಳು. ಬೆಳಗಿನ ಜಾವ ದೋಣಿಗಳು ಬುಟ್ಟಿ ಇಳಿಸುವ ಕಟ್ಟೆಗೆ ಹೋಗಿ, ಹಣ್ಣು ಕಚ್ಚಿ ನೋಡಿ, ಮಾರುವವನ ಅಪ್ಪನನ್ನೂ ತಾತನನ್ನೂ ಚೆನ್ನಾಗಿ ನೆನೆದು ಬೆಲೆ ಇಳಿಸಿ, ಹತ್ತು ಗಂಟೆಯೊಳಗೆ ಜುರುನಾಸ್ ಬಡಾವಣೆಯ ನಮ್ಮ ಬೀದಿಯಲ್ಲಿ ಅಂಗಡಿಯ ಮುಂದೆ ಕೆಂಪು ಬಾವುಟ ಏರಿಸುತ್ತಾಳೆ. ಬಾವುಟ ಏರಿತೆಂದರೆ ಅಸಾಯಿ ಸಿದ್ಧ. ಮನೆಮನೆಯಿಂದ ಪಾತ್ರೆ ಹಿಡಿದು ಜನ ಬರುತ್ತಾರೆ. ನಮ್ಮ ಬೆಲೆಂ ಊರಿನಲ್ಲಿ ಹುಟ್ಟಿದವರಿಗೆ ಮಧ್ಯಾಹ್ನ ಹುರಿದ ಮೀನಿನ ಪಕ್ಕ ಒಂದು ಬಟ್ಟಲು ಅಸಾಯಿ ಇಲ್ಲದಿದ್ದರೆ ಹೊಟ್ಟೆ ತುಂಬಿದರೂ ಊಟವಾದ ಹಾಗಿರುವುದಿಲ್ಲ. ಅಸಾಯಿಯಲ್ಲಿ ಮೂರು ಬಗೆ: ಗಟ್ಟಿ, ಮಧ್ಯಮ, ತೆಳು. ಗಟ್ಟಿಯದಕ್ಕೆ ಬೆಲೆ ಹೆಚ್ಚು. ನಾನು ಕೇಳುವುದು ಮಧ್ಯಮ, ಅವಳು ಹಾಕುವುದು ಗಟ್ಟಿ, ತೆಗೆದುಕೊಳ್ಳುವುದು ಮಧ್ಯಮದ ದುಡ್ಡು. ಹದಿನೈದು ವರ್ಷದಿಂದ ಹೀಗೇ ನಡೆದುಬಂದಿತ್ತು, ಅದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ.

ನಾನು ಜೆನೇಸಿಯೊ. ಹಾಡುಗಾರ ಎಂದರೆ ದೊಡ್ಡ ಮಾತಾಯಿತು. ಅತ್ತೆ ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಒಂದು ಕಂಪ್ಯೂಟರು, ಒಂದು ಮೈಕು ಇಟ್ಟುಕೊಂಡು, ಕೇಳಿದವರಿಗೆ ಕೇಳಿದ ಹಾಡು ಮಾಡಿಕೊಡುವವನು. ನಮ್ಮೂರಲ್ಲಿ ಈ ಕಸುಬಿಗೆ ಗಿರಾಕಿ ತಪ್ಪಿದ್ದಲ್ಲ. ಇಲ್ಲಿ ಒಂದೊಂದು ದೊಡ್ಡ ಸೌಂಡಿಗೂ ಒಂದು ಹೆಸರಿದೆ, ಅದರದೇ ಭಕ್ತರಿದ್ದಾರೆ. ಸೌಂಡ್ ಎಂದರೆ ಎರಡು ಲಾರಿ ತುಂಬುವಷ್ಟು ಸ್ಪೀಕರು, ದೀಪ, ಹೊಗೆ. ನಡುವೆ ವಿಮಾನದ ಮೂತಿಯಂಥ ಗೂಡಿನಲ್ಲಿ ನಿಂತು ಅದನ್ನೆಲ್ಲ ಓಡಿಸುವ ಡೀಜೆ. ನಮ್ಮದು ಪೊರಾಕೆ. ಮುಟ್ಟಿದರೆ ಶಾಕ್ ಹೊಡೆಯುವ ನಮ್ಮ ಹೊಳೆಯ ಮೀನಿನ ಹೆಸರು ಅದು. ಪೊರಾಕೆ ಹೋದಲ್ಲೆಲ್ಲ ಹಿಂದೆ ಹೋಗುವ ತಂಡಗಳಿವೆ. ಪ್ರತಿ ತಂಡಕ್ಕೂ ಒಂದೇ ಬಣ್ಣದ ಅಂಗಿ, ಒಂದು ಮೇಜು, ಬಿಯರಿನ ಬಕೆಟ್ಟು, ಮತ್ತು ತಂಡದವರ ಹೆಸರು ಕೂಗಿ ಹೇಳುವ ಸ್ವಂತದ್ದೊಂದು ಹಾಡು. ಆ ಹಾಡುಗಳನ್ನು ಮಾಡುವುದು ನಾನು.

ಜುಸಿಲೆನಿಯ ತಂಡದ ಹೆಸರು 'ಬ್ರೇಕಿಲ್ಲದವರು'. ಅದು ಹುಟ್ಟಿದ್ದೇ ಅವಳ ಹಿತ್ತಲಲ್ಲಿ, ಅಸಾಯಿ ಬೀಜದ ರಾಶಿಯ ಪಕ್ಕ. ಹೆಸರು ಇಟ್ಟವಳೂ ಅವಳೇ, ನಾಯಕನಾದವನು ಮಾತ್ರ ಅವಳ ಗಂಡ ಒಡಿವಾಲ್ದೊ. ಹನ್ನೊಂದು ವರ್ಷದ ಹಿಂದೆ ನಾನು ಅವರಿಗೆ ಮಾಡಿದ ಹಾಡಿನಲ್ಲಿ ಎಂಟು ಪ್ರಶ್ನೆ, ಎಂಟು ಹೆಸರು. ಹಾಡಿನಲ್ಲಿ ನನ್ನ ದನಿ ಪ್ರಶ್ನೆ ಕೇಳಿ ಹೆಸರು ಕೂಗುತ್ತದೆ, ಕುಣಿಯುವ ಜನ ಅದರ ಜೊತೆಗೇ ಹೆಸರು ಕೂಗುತ್ತಾರೆ. ಐದನೆಯದು ಅವಳದು: 'ನೇರಳೆ ಕೈಯ ರಾಣಿ ಯಾರು?' 'ಜು-ಸಿ-ಲೆ-ನಿ!' ಅದೇನು ಮಾಯೆಯೋ, ಆ ಹಾಡು ತಂಡವನ್ನು ಮೀರಿ ಬೆಳೆಯಿತು. ದೋಣಿಯಲ್ಲಿ, ಮೀನಿನ ಅಂಗಡಿಯಲ್ಲಿ, ಹೋಗುತ್ತಿರುವ ಕಾರಿನ ಡಿಕ್ಕಿಯ ಸ್ಪೀಕರಿನಲ್ಲಿ ಅದೇ. ಅವಳನ್ನು ಎಂದೂ ನೋಡದವರೂ ಐದನೆಯ ಪ್ರಶ್ನೆಗೆ ಕೈಯೆತ್ತಿ ಅವಳ ಹೆಸರು ಕೂಗುತ್ತಿದ್ದರು.

ಅಂಗಡಿಯಲ್ಲಿ ಮಾತ್ರ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಏ ಅಸಾಯಿ, ಒಂದು ಲೀಟರ್ ಹಾಕು" ಎನ್ನುತ್ತಾರೆ. ಒಮ್ಮೆ ಅವಳು ಯಂತ್ರ ತೊಳೆಯುತ್ತಾ ನನಗೆ ಹೇಳಿದ್ದಳು: "ನಾನು ಸತ್ರೆ ಕಲ್ಲಿನ ಮೇಲೆ ಹೆಸರು ಕೆತ್ಸೋರು ಯಾರಿದ್ದಾರೆ ಜೆನೇ? ಮಕ್ಕಳಾ ಮರಿಯಾ? ನಿನ್ನ ಹಾಡಲ್ಲಿದೆ, ಸಾಕು ಬಿಡು." ನಗುತ್ತಲೇ ಹೇಳಿದಳು. ನಾನು ಮಾತ್ರ ಅದನ್ನು ಮರೆಯಬಾರದಿತ್ತು.

ಕಳೆದ ನವೆಂಬರಿನಲ್ಲಿ ಒಡಿವಾಲ್ದೊ ಮನೆ ಬಿಟ್ಟ. ಉಗುರಿಗೆ ಬಣ್ಣ ಹಚ್ಚುವ ಕೆಲಸದ ಕೆಲಿಯಾನಿ ಎಂಬ ಇಪ್ಪತ್ತಮೂರರ ಹುಡುಗಿಯ ಜೊತೆ ಎರಡು ಬೀದಿ ಆಚೆ ಸಂಸಾರ ಹೂಡಿದ. ತಂಡ ಅವನ ಕಡೆಗೇ ಉಳಿಯಿತು, ಬಕೆಟ್ಟು ತುಂಬಿಸುವವನು ಅವನೇ ತಾನೇ. ಆದರೆ ಜುಸಿಲೆನಿ ಬರುವುದನ್ನು ಬಿಡಲಿಲ್ಲ. ಅದೇ ಕಿತ್ತಳೆ ಅಂಗಿ ತೊಟ್ಟು ಬಂದು ಅದೇ ಮೇಜಿನ ತುದಿಯಲ್ಲಿ ಕೂರುತ್ತಿದ್ದಳು, ಯಾರಿಗೂ 'ಏಳು' ಎನ್ನುವ ಧೈರ್ಯವಿರಲಿಲ್ಲ.

ಆಗಸ್ಟಿನಲ್ಲಿ ಪೊರಾಕೆಯ ಹುಟ್ಟುಹಬ್ಬ, ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನದ ಕುಣಿತ. ಅದಕ್ಕೆ ಎರಡು ವಾರ ಮುಂಚೆ ಒಡಿವಾಲ್ದೊ ನನ್ನ ಕೋಣೆಗೆ ಬಂದು ಸ್ಟೂಲೆಳೆದು ಕೂತ.

"ಹಾಡು ಹಳೇದಾಯ್ತು ಕಣೋ. ರಾಗ ಅದೇ ಇರ್ಲಿ, ಜನರ ಬಾಯಲ್ಲಿದೆ. ತಾಳ ಚುರುಕು ಮಾಡು, ಹೆಸರು ಬದಲಾಯ್ಸು," ಎಂದು ಚೀಟಿ ಕೊಟ್ಟ.

ಚೀಟಿಯಲ್ಲಿ ಏಳು ಹೆಸರು ಹಳೆಯವೇ. ಐದನೆಯದು ಕೆಲಿಯಾನಿ.

"ಜುಸಿಲೆನಿನ ಬೇರೆ ಎಲ್ಲಾದ್ರೂ ಸೇರಿಸ್ಲಾ?"

"ಎಲ್ಲಿ ಸೇರಿಸ್ತೀಯ? ಇರೋದೇ ಎಂಟು ಜಾಗ. ಬಸ್ಸಾ ಇದು, ನಿಂತ್ಕೊಂಡು ಬರೋಕೆ?" ಎಂದು ತನ್ನ ಮಾತಿಗೆ ತಾನೇ ನಕ್ಕ. "ಭಾನುವಾರ ಸಂಜೆ ಹಾಕಿಸ್ತೀನಿ. ಅಲ್ಲೀವರೆಗೂ ಬಾಯ್ಬಿಟ್ಟೆ ಅಂದ್ರೆ ನೋಡು."

ಬೇರೆ ತಂಡದವರನ್ನು ನನ್ನ ಬಳಿಗೆ ಕರೆತರುವವನೇ ಅವನು. ಹಾಗಾಗಿ ಬಾಯಿ ಮುಚ್ಚಿಕೊಂಡೆ. 'ಹೊಳೆವ ಕಣ್ಣ ರಾಣಿ ಯಾರು? ಕೆ-ಲಿ-ಯಾ-ನಿ!' ಎಂದು ಹಾಡಿದೆ. ಅಳತೆಗೆ ಸರಿಯಾಗಿ ಕೂತುಕೊಂಡಿತು, ಇನ್ನೊಮ್ಮೆ ಕೇಳದೆ ಕಂಪ್ಯೂಟರು ಆರಿಸಿದೆ.

ಹಬ್ಬದ ಮೊದಲ ದಿನ, ಶುಕ್ರವಾರ ಮಧ್ಯಾಹ್ನ, ಪಾತ್ರೆ ಹಿಡಿದು ಹೋದಾಗ ಜುಸಿಲೆನಿ ಯಂತ್ರದ ಮುಚ್ಚಳ ಹಾಕುವುದನ್ನೇ ಮರೆತು ಗೋಡೆಯನ್ನೆಲ್ಲ ನೇರಳೆ ಮಾಡಿಕೊಂಡಿದ್ದಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾ, ಬೀದಿ ನೋಡುತ್ತಾ, ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಹೊಸ ಹಾಡು ಮಾಡಿದ್ದೀಯಂತೆ?"

"ಹ್ಞೂಂ. ಭಾನುವಾರ."

"ನನ್ನ ಹೆಸರಿದ್ಯೇನೋ?"

"ಗುಟ್ಟು ಅಂದಿದ್ದಾನೆ ನಿನ್ನ ಗಂಡ."

"ಗಂಡನಂತೆ ಗಂಡ! ಹೆಸರಿದ್ರೆ ಇದೆ ಅನ್ನು, ಇಲ್ಲದಿದ್ರೆ ಇಲ್ಲ ಅನ್ನು. ನನಗೇನು ಎದೆ ಒಡೆದು ಹೋಗಲ್ಲ." ಹಾಗೆನ್ನುತ್ತಲೇ ಪಾತ್ರೆಯ ಅಂಚು ಮೀರಿ ಅಸಾಯಿ ಸುರಿದಳು. ಗಟ್ಟಿಯದನ್ನೇ.

ನಾನು ಬಿಸಿಲಿನ ನೆಪ ಹೇಳಿ ಕಳಚಿಕೊಂಡೆ.

ಅಂದು ರಾತ್ರಿ ದೊಡ್ಡ ಶೆಡ್ಡಿನಲ್ಲಿ ಮೊದಲ ಕುಣಿತ. ಪೊರಾಕೆಗೆ ಹೊಸ ಗೂಡು ಮಾಡಿಸಿದ್ದರು. ಮೀನಿನ ತಲೆಯಾಕಾರ, ಕಣ್ಣಲ್ಲಿ ನೀಲಿ ಬೆಳಕು, ಬಾಯಿ ತೆರೆದು ಮೇಲೇರುತ್ತಿತ್ತು. ಎರಡು ಸಾವಿರ ಜನ ತೋಳನ್ನು ಮೀನಿನ ಹಾಗೆ ಬಳುಕಿಸಿ ಅರಚಿದರು. ಸ್ಪೀಕರಿನ ಹೊಡೆತಕ್ಕೆ ಅಂಗಿ ಮೈಗಂಟಿ ಬಿಡುತ್ತಿತ್ತು. ಇಂಥ ಹೊತ್ತಿನಲ್ಲಿ ನನಗೆ ಎಲ್ಲವೂ ಮರೆತುಹೋಗುತ್ತದೆ, ಆದರೆ ಅವತ್ತು ಮರೆಯಲಿಲ್ಲ. ಜುಸಿಲೆನಿ ಮೇಜಿಗೂ ಬಾಗಿಲಿಗೂ ಬಿಯರಿನ ಕಟ್ಟೆಗೂ ಓಡಾಡುತ್ತಾ, ಒಂದು ಹಾಡಿಗೂ ಪೂರ್ತಿ ಕುಣಿಯದೆ, ಪ್ರತಿ ಸಲವೂ ನನ್ನ ಮುಂದೆಯೇ ಹಾದುಹೋಗುತ್ತಿದ್ದಳು. ಕೇಳುತ್ತಿರಲಿಲ್ಲ, ಬರೀ ನೋಡುತ್ತಿದ್ದಳು. ಪೊಲೀಸರ ಮುಂದೆ ಕೂತಿದ್ದರೂ ಅಷ್ಟು ಬೆವರುತ್ತಿರಲಿಲ್ಲ ನಾನು.

ಶನಿವಾರ ಅವಳ ದಿನವಾಗಿತ್ತು. ಜನ ಕಾಗದದ ಚೂರಿನಲ್ಲಿ ಹೆಸರು ಬರೆದು ಗೂಡಿನೊಳಗೆ ಕೊಡುತ್ತಾರೆ, ಡೀಜೆ ಹಾಡಿನ ನಡುವೆ ಅದನ್ನು ಓದುತ್ತಾನೆ. ಅವತ್ತು ಚೀಟಿ ಓದುತ್ತಿದ್ದವನು ಕತ್ತೆತ್ತಿ, ಕೆಳಗೆ ಅವಳನ್ನು ಕಂಡು, ಚೀಟಿಯಿಲ್ಲದೆಯೇ ಕೂಗಿದ: "ನಮ್ಮ ಜುಸಿಲೆನಿ ಬಂದಿದ್ದಾಳೆ! ಕೈ ತೋರ್ಸಮ್ಮ!" ಅವಳು ಎರಡೂ ಕೈ ಎತ್ತಿದಳು. ನೇರಳೆ ಅಂಗೈ ದೀಪದಲ್ಲಿ ಕಪ್ಪಾಗಿ ಕಂಡಿತು. ಆಮೇಲೆ ಒಬ್ಬ ಮುದುಕ ಬಂದು ಅವಳನ್ನು ಜೋಡಿ ಕುಣಿತಕ್ಕೆ ಕರೆದ. ಆತ ಸುತ್ತಿಸಿದಂತೆಲ್ಲ ಅವಳು ಹುಡುಗಿಯ ಹಾಗೆ ನಗುತ್ತಾ ಸುತ್ತಿದಳು. ತಿಂಗಳುಗಟ್ಟಲೆ ನೋಡಿರದ ಆ ನಗು ನೋಡಿ ನನಗೂ ಖುಷಿಯಾಯಿತು, ಸುಳ್ಳಲ್ಲ.

ಕುಣಿತ ಮುಗಿಸಿ, ಏದುಸಿರು ಬಿಡುತ್ತಾ, ನನ್ನ ತೋಳು ಹಿಡಿದು ಸ್ಪೀಕರಿನ ಹಿಂದಕ್ಕೆ ಎಳೆದುಕೊಂಡು ಹೋದಳು.

"ಈಗ ಹೇಳು. ಇದ್ಯಾ ಇಲ್ವಾ?"

ಅವಳ ಮುಖದಲ್ಲಿ ಆ ನಗು ಇನ್ನೂ ಆರಿರಲಿಲ್ಲ. ಅದನ್ನು ನನ್ನ ಕೈಯಾರೆ ಅಳಿಸಬೇಕಾಗಿತ್ತು. ನನ್ನ ಹೇಡಿ ನಾಲಿಗೆ ಬೇರೆಯದನ್ನೇ ಹೇಳಿತು.

"ಇದೆ ಕಣೇ."

"ಆಣೆ?"

"ಆಣೆ. ಇರದೇ ಎಲ್ಲಿಗೆ ಹೋಗುತ್ತೆ?"

ಅವಳು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ಅಮ್ಮನ್ನ ಕರ್ಕೊಂಡು ಬರ್ತೀನಿ ನಾಳೆ," ಎಂದಳು. "ಹನ್ನೊಂದು ವರ್ಷ ಆಯ್ತು, ಒಂದು ಸಲಾನೂ ಕೇಳಿಲ್ಲ ಮುದುಕಿ. ಸೈತಾನನ ಸಂಗೀತ ಅಂತ ಕಿವಿ ಮುಚ್ಕೋತಾಳೆ. ಹೆಸರಿಟ್ಟೋಳು ಅವಳೇ ಅಲ್ವಾ, ಒಂದು ಸಲ ಕೇಳ್ಲಿ."

ಪೊರಾಕೆಯ ಹೊಗೆಯಲ್ಲಿ, ದೀಪಗಳ ಮಿಂಚಿನಲ್ಲಿ ಅವಳಿಗೆ ನನ್ನ ಮುಖದಲ್ಲಿ ಏನೂ ಕಾಣಲಿಲ್ಲವೆಂದು ತೋರುತ್ತದೆ.

ಆಗಲೇ ಒಂದು ನಿರ್ಧಾರ ಮಾಡಿದೆ. ಮನೆಗೆ ಹೋಗುವುದು, ಐದನೆಯ ಪ್ರಶ್ನೆಯನ್ನು ಹಳೆಯ ಮಾತಿನಲ್ಲೇ ಹೊಸ ತಾಳಕ್ಕೆ ಹಾಡಿ, ಬೆಳಗ್ಗೆ ಡೀಜೆಗೆ ಕೊಟ್ಟು ಬದಲಾಯಿಸಿಬಿಡುವುದು. ಒಡಿವಾಲ್ದೊ ಒದ್ದರೆ ಒದೆಯಲಿ. ಎರಡು ಮಾತು ಹಾಡಲು ಎಷ್ಟು ಹೊತ್ತು? ಇಷ್ಟು ಗಟ್ಟಿ ಮನಸ್ಸು ಮಾಡಿದ ಸಂತೋಷಕ್ಕೆ ಒಂದು ಬಿಯರು ಕುಡಿದೆ. ಆಮೇಲೆ ಧೈರ್ಯ ಸಾಲದು ಎಂದು ಇನ್ನೆರಡು. ಬೆಳಗಿನ ಜಾವ ಕೋಣೆಗೆ ಬಂದು, ಕಂಪ್ಯೂಟರು ಹಚ್ಚಿ, ಅದು ಬೆಳಕು ತೋರಿಸುವಷ್ಟರಲ್ಲಿ ಮೈಕಿನ ಪಕ್ಕ ತಲೆಯಿಟ್ಟೆ.

ಎಚ್ಚರವಾದಾಗ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ನಮ್ಮೂರಲ್ಲಿ ಮಳೆ ಗಡಿಯಾರ ನೋಡಿಕೊಂಡು ಬರುತ್ತದೆ, ಅಂದರೆ ಮಧ್ಯಾಹ್ನ ಎರಡು ದಾಟಿತ್ತು. ಮೈಕು ಹಿಡಿದರೆ ಗಂಟಲಿನಿಂದ ಕಾಗೆಯ ದನಿ ಬಂತು. ಮೂರು ಸಲ ಪ್ರಯತ್ನಿಸಿದೆ. ನಾಲ್ಕನೆಯ ಸಲಕ್ಕೆ ಕರೆಂಟು ಹೋಯಿತು. ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ನಾನೇ ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಬರಿಗೈಯಲ್ಲಿ ಹೊಳೆದಂಡೆಗೆ ಓಡಿದೆ.

ಭಾನುವಾರದ ಕುಣಿತ ಹೊಳೆಯ ಪಕ್ಕದ ಈಜುತಾಣದಲ್ಲಿ, ಹಗಲಿನಲ್ಲೇ. ಮಳೆ ನಿಂತು ಸಿಮೆಂಟಿನ ನೆಲದಿಂದ ಹಬೆ ಏಳುತ್ತಿತ್ತು. ಜನರ ಕಣ್ಣೆಲ್ಲ ಕೆಂಪು, ಎರಡು ರಾತ್ರಿಯ ನಿದ್ದೆ ಬಾಕಿ, ಆದರೂ ಕಾಲು ನಿಂತಿರಲಿಲ್ಲ. ನಾನು ನೇರವಾಗಿ ಒಡಿವಾಲ್ದೊನ ಹತ್ತಿರ ಹೋದೆ.

"ಹಳೇ ಹಾಡನ್ನೇ ಹಾಕ್ಸೋ. ದಮ್ಮಯ್ಯ."

"ಯಾಕೆ, ಹೊಸದು ಕೆಟ್ಟಿದ್ಯಾ?"

"ಇಲ್ಲ. ಜುಸಿಲೆನಿ ಅವರಮ್ಮನ್ನ ಕರ್ಕೊಂಡು ಬಂದಿದ್ದಾಳೆ."

"ಅದಕ್ಕೆ? ನಮ್ಮಮ್ಮನೂ ಬಂದಿದ್ದಾಳೆ," ಎಂದು ಬಕೆಟ್ಟಿನಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟು ಬೆನ್ನು ತಿರುಗಿಸಿದ.

ದೋನಾ ಅಲ್ಜೀರಾ, ಅಂದರೆ ಅಲ್ಜೀರಮ್ಮ, ಜುಸಿಲೆನಿಯ ತಾಯಿ, ಎಪ್ಪತ್ತನಾಲ್ಕು ವರ್ಷದ ಚರ್ಚಿನ ಹೆಂಗಸು. ಉದ್ದ ಲಂಗ, ಕಂಕುಳಲ್ಲಿ ಛತ್ರಿ, ಮೊಣಕಾಲ ಮೇಲೆ ಕೈಚೀಲ. ಸ್ಪೀಕರಿನಿಂದ ಇಪ್ಪತ್ತು ಮಾರು ದೂರ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವಳ ಹಾಗೆ ಕೂತಿದ್ದಳು. ಅವಳ ಹಿಂದೆ ನಮ್ಮ ಬೀದಿಯ ಹತ್ತು ಹನ್ನೆರಡು ಮಂದಿ. ಎಲ್ಲರೂ ಅಸಾಯಿಯ ಗಿರಾಕಿಗಳು. ಎಲ್ಲರಿಗೂ ಹೇಳಿಟ್ಟಿದ್ದಳು ಜುಸಿಲೆನಿ.

"ನೀನೇನಾ ಹಾಡೋನು?" ಎಂದಳು ಮುದುಕಿ. "ಭಾನುವಾರ ಪ್ರಾರ್ಥನೆ ಬಿಟ್ಟು ಬಂದಿದ್ದೀನಪ್ಪ. ಮಗಳ ಹೆಸರು ಕೇಳಿ ವಾಪಸ್ ಬರ್ತೀನಿ ಅಂತ ದೇವರಿಗೆ ಹೇಳಿ ಬಂದಿದ್ದೀನಿ. ಬೇಗ ಆಗುತ್ತಾ?"

ಜುಸಿಲೆನಿ ಕೂದಲು ಕಟ್ಟಿಸಿಕೊಂಡಿದ್ದಳು. ಕಿತ್ತಳೆ ಅಂಗಿಗೆ ಇಸ್ತ್ರಿ ಹಾಕಿದ್ದಳು. ಕೂರುತ್ತಾಳೆ, ಏಳುತ್ತಾಳೆ, ತಾಯಿಯ ಲಂಗದ ಮಡಿಕೆ ಸರಿಮಾಡುತ್ತಾಳೆ. ಅಷ್ಟು ಸಾಲದೆ ನನ್ನ ಕೈ ಹಿಡಿದುಕೊಂಡೇ ನಿಂತಳು. ಹೇಳಲು ಅದೇ ಕೊನೆಯ ಅವಕಾಶ. ಬಾಯಿ ತೆರೆದೆ. ಅಷ್ಟರಲ್ಲಿ ಡೀಜೆಯ ದನಿ ಬಂತು: "ಬ್ರೇಕಿಲ್ಲದವರ ಹೊಚ್ಚ ಹೊಸ ಹಾಡು!"

ಹಳೆಯ ರಾಗವೇ. ಜನ ಕುಣಿದೆದ್ದರು. ಮೊದಲ ಪ್ರಶ್ನೆ, ಒಡಿವಾಲ್ದೊನ ಹೆಸರು. ಎರಡು, ಮೂರು, ನಾಲ್ಕು. ಅವಳು ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಸ್ಪೀಕರಿನಿಂದ ನನ್ನ ದನಿ ಕೇಳಿತು: 'ಹೊಳೆವ ಕಣ್ಣ ರಾಣಿ ಯಾರು?'

ಅವಳ ಬೆರಳು ಸಡಿಲವಾಯಿತು.

ಆಮೇಲಿನದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹನ್ನೊಂದು ವರ್ಷ ಕೂಗಿ ಪಳಗಿದ ಜನ ಮಾತು ಬದಲಾದದ್ದನ್ನು ಯಾಕೆ ಗಮನಿಸುತ್ತಾರೆ? ರಾಗ ಆ ಜಾಗಕ್ಕೆ ಬಂದದ್ದೇ ತಡ, ಸಾವಿರ ತೋಳು ಒಟ್ಟಿಗೆ ಎದ್ದವು. "ಜು-ಸಿ-ಲೆ-ನಿ!" ನಾನು ಹಾಡಿದ ಕೆಲಿಯಾನಿ ಎಲ್ಲಿ ಹೂತುಹೋಯಿತೋ ದೇವರೇ ಬಲ್ಲ. ತಮಾಷೆಯೆಂದರೆ, ಮೇಜಿನ ಮೇಲೆ ಹತ್ತಿ ನಿಂತಿದ್ದ ಕೆಲಿಯಾನಿಯೂ ಕೈಯೆತ್ತಿ "ಜುಸಿಲೆನಿ" ಎಂದೇ ಕೂಗಿದಳು. ಪಾಪ, ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಿನಿಂದ ಅದನ್ನೇ ಕೂಗಿ ಬೆಳೆದವಳಲ್ಲವೇ? ಕೂಗಿದ ಮೇಲೆ ತಪ್ಪು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದಳು. ಒಡಿವಾಲ್ದೊನ ಮುಖ ಆಗ ನೋಡಬೇಕಿತ್ತು. ಗೂಡಿಗೆ ಓಡಿ, ಕೂಗಾಡಿ, ಮತ್ತೊಮ್ಮೆ ಮೊದಲಿನಿಂದ ಹಾಕಿಸಿದ. ಜನಕ್ಕೆ ಅದು ಆಟವೆನ್ನಿಸಿತು. ಎರಡನೆಯ ಸಲ ಐದನೆಯ ಪ್ರಶ್ನೆಗೆ ಹೊಳೆಯಲ್ಲಿ ಈಜುತ್ತಿದ್ದವರೂ ತಲೆಯೆತ್ತಿ ಅವಳ ಹೆಸರನ್ನೇ ಕೂಗಿದರು.

ದೋನಾ ಅಲ್ಜೀರಾ ಕೈಚೀಲ ತೆಗೆದುಕೊಂಡು ಎದ್ದು ನಿಂತಳು. ಕಣ್ಣು ಒದ್ದೆಯಾಗಿತ್ತು. "ಚೆನ್ನಾಗಿದೆ," ಎಂದಳು. "ಗಲಾಟೆ ಸ್ವಲ್ಪ ಜಾಸ್ತಿ." ಬೀದಿಯವರು ಚಪ್ಪಾಳೆ ತಟ್ಟಿದರು. ನನಗಂತೂ ಹೋದ ಜೀವ ಬಂದ ಹಾಗಾಯಿತು. ತಪ್ಪಿಸಿಕೊಂಡೆ ಎನ್ನಿಸಿತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ನಗುತ್ತಾ ಜುಸಿಲೆನಿಯ ಕಡೆ ತಿರುಗಿದೆ.

"ನೋಡಿದ್ಯಾ? ಊರಿಗೆ ಊರೇ ಕೂಗ್ತು ನಿನ್ನ ಹೆಸರನ್ನ!"

ಅವಳು ಗೂಡಿನ ಕಡೆ ನೋಡುತ್ತಿರಲಿಲ್ಲ, ಒಡಿವಾಲ್ದೊನ ಕಡೆಯೂ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

"ಊರು ಕೂಗ್ತು ಜೆನೇ," ಎಂದಳು. "ನೀನು ಕೂಗ್ಲಿಲ್ಲ."

"ಅವನು ಹೇಳ್ದ ಕಣೇ, ನಾನೇನು ಮಾಡ್ಲಿ..."

"ಅವನ ವಿಷಯ ಬಿಡು. ಅವನು ಎಂಥೋನು ಅಂತ ನವೆಂಬರ್‌ನಲ್ಲೇ ಗೊತ್ತಾಗಿದೆ. ನೆನ್ನೆ ಆಣೆ ಇಟ್ಟೋನು ಯಾರು?" ಅವಳ ದನಿ ಏರಲೇ ಇಲ್ಲ. "ಇಲ್ಲ ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಅಮ್ಮನ್ನ ಕರ್ಕೊಂಡು ಬರ್ತಿರ್ಲಿಲ್ಲ. ಈ ಜನ ಅಭ್ಯಾಸಬಲದಿಂದ ಕೂಗದೇ ಇದ್ದಿದ್ರೆ ಮುದುಕಿ ಏನು ಕೇಳಿಸ್ಕೊಂಡು ಹೋಗ್ತಿದ್ಳು ಹೇಳು?"

ಅವಳು ತಾಯಿಯ ಛತ್ರಿ ಎತ್ತಿಕೊಂಡು, ಆಕೆಯ ಮೊಣಕೈ ಹಿಡಿದು ಗೇಟಿನ ಕಡೆ ನಡೆದಳು. ದಾರಿಯುದ್ದಕ್ಕೂ ಗುರುತಿಲ್ಲದ ಜನ ಅವಳ ಬೆನ್ನು ತಟ್ಟಿ ಹೆಸರು ಕೂಗುತ್ತಿದ್ದರು. ಅವಳು ಎಲ್ಲರಿಗೂ ನಗುತ್ತಾ ಕೈಯೆತ್ತುತ್ತಿದ್ದಳು. ಪೊರಾಕೆ ಕತ್ತಲಾಗುವವರೆಗೂ ಹೊಡೆಯಿತು. ನಾನು ಒಂದು ಹಾಡಿಗೂ ಕುಣಿಯಲಿಲ್ಲ, ಮನೆಗೂ ಹೋಗಲಿಲ್ಲ, ಸ್ಪೀಕರಿನ ಸುತ್ತ ಸುಮ್ಮನೆ ಸುತ್ತುತ್ತಿದ್ದೆ.

ಸೋಮವಾರ ಹತ್ತು ಗಂಟೆಗೆ ಬಾವುಟ ಏರಿತು. ಹನ್ನೊಂದರವರೆಗೆ ಕೋಣೆಯೊಳಗೇ ಅತ್ತಿತ್ತ ನಡೆದೆ. ಹೊಸ ಹಾಡನ್ನು ಅಳಿಸಿದೆ, ಅದರಿಂದ ಯಾರಿಗೆ ಏನಾಗಬೇಕಿತ್ತೋ. ಕೊನೆಗೆ ಪಾತ್ರೆ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಮುಂದಿದ್ದವರೆಲ್ಲ ಭಾನುವಾರದ ಸುದ್ದಿಯೇ ಮಾತಾಡುತ್ತಿದ್ದರು. ಅವತ್ತು ಯಾರೂ 'ಏ ಅಸಾಯಿ' ಎನ್ನಲಿಲ್ಲ. "ಜುಸಿಲೆನಿ, ಎರಡು ಲೀಟರ್ ಹಾಕಮ್ಮ," ಎನ್ನುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ ಒಂದೊಂದು ಚುಚ್ಚುಮಾತು ಸೇರಿಸಿ, ನಗಿಸಿ, ಸುರಿದು ಕೊಡುತ್ತಿದ್ದಳು. ನನ್ನ ಸರದಿ ಬಂತು.

"ಏನು ಕೊಡ್ಲಿ ಸಾರ್?"

ಹಿಂದಿನವರು ತಮಾಷೆಯೆಂದು ನಕ್ಕರು.

"ಮಧ್ಯಮ," ಎಂದೆ. "ಒಂದು ಲೀಟರ್."

ಅವಳು ಪಾತ್ರೆ ತೆಗೆದುಕೊಂಡು, ಮಧ್ಯಮದ ಡಬ್ಬಿಯಿಂದ ಸರಿಯಾಗಿ ಒಂದು ಲೀಟರ್ ಅಳೆದು, ಅಂಚಿಗೆ ಒಂದು ಹನಿಯೂ ತಾಗದಂತೆ ಸುರಿದು, ಬಟ್ಟೆಯಲ್ಲಿ ಒರೆಸಿ ಮುಂದಿಟ್ಟಳು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಾನು ದುಡ್ಡು ಕೊಟ್ಟೆ. ಮನೆಗೆ ಬಂದು ಮೀನು ಹುರಿದುಕೊಂಡು, ಬಟ್ಟಲಿಗೆ ಬಗ್ಗಿಸಿಕೊಂಡು ಒಂದು ಚಮಚ ಬಾಯಿಗಿಟ್ಟೆ. ಮಧ್ಯಮ ಅಸಾಯಿಯ ರುಚಿ ಹೇಗಿರುತ್ತದೆಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.